ಮೂವತ್ತೊಂದು ಒಂದುಗಳ ಅವಿಭಾಜ್ಯ

214,74,83,647. ಓದುವುದಾದರೆ, ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ. 2, 3, 5, 7 ಎಂದು ಅವಿಭಾಜ್ಯ ಸಂಖ್ಯೆಗಳನ್ನು ಸಾಲಾಗಿ ಬರೆಯುತ್ತ ಹೋದರೆ ಇದರ ಸರದಿ ಬರುವುದು 10,50,97,565ನೆಯದಾಗಿ.

ಇದು ಅವಿಭಾಜ್ಯ ಎಂದು 1772ರಲ್ಲಿ, ಯಂತ್ರದ ನೆರವೇ ಇಲ್ಲದ ಕಾಲದಲ್ಲಿ, ಹೆಚ್ಚುಕಡಿಮೆ ಪೂರ್ತಿ ದೃಷ್ಟಿ ಕಳೆದುಕೊಂಡಿದ್ದ ಗಣಿತಜ್ಞನೊಬ್ಬ ಸಾಧಿಸಿ ತೋರಿಸಿದ. ಇಂದು ಅದೇ ಸಂಖ್ಯೆ ಕಂಪ್ಯೂಟರುಗಳ ಲೆಕ್ಕದಲ್ಲಿ ಒಂದು ಗಡಿಗಲ್ಲು. 2038ರ ಜನವರಿಯಲ್ಲಿ ಹಳೆಯ ಯಂತ್ರಗಳ ಗಡಿಯಾರ ಕೆಡಬಹುದೆಂಬ ಆತಂಕಕ್ಕೂ ಇದೇ ಕಾರಣ. ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳಂತೆ ಕಂಡರೂ ಎಲ್ಲದರ ಬೇರು ಒಂದೇ, ಈ ಸಂಖ್ಯೆಯ ಆಕಾರ. ದೊಡ್ಡ ಸಂಖ್ಯೆಯೊಂದು ನಮ್ಮ ಕೈಗೆ ಸಿಗುವುದು ಅದರ ಗಾತ್ರವನ್ನು ಎದುರಿಸಿದಾಗಲ್ಲ, ಆಕಾರವನ್ನು ಹಿಡಿದಾಗ. ಅದು ಹೇಗೆಂದು ಹಂತಹಂತವಾಗಿ ನೋಡೋಣ. ಶಾಲೆಯ ಭಾಗಾಕಾರ ಗೊತ್ತಿದ್ದರೆ ಸಾಕು.

ಎರಡರಿಂದ ಗುಣಿಸುತ್ತ ಹೋಗಿ, ಒಂದು ಕಳೆಯಿರಿ

2ನ್ನು 2ರಿಂದಲೇ ಮತ್ತೆ ಮತ್ತೆ ಗುಣಿಸಿ: 2, 4, 8, 16, 32… ಈ ಸಾಲಿನ ಮೂವತ್ತೊಂದನೆಯ ಸ್ಥಾನದಲ್ಲಿ ಸಿಗುವುದು 214,74,83,648. ಇದನ್ನು 2³¹ ಎಂದು ಬರೆಯುತ್ತಾರೆ. ಅದರಿಂದ ಒಂದು ಕಳೆದರೆ ನಮ್ಮ ಸಂಖ್ಯೆ. ಅಂದರೆ 214,74,83,647 = 2³¹ − 1.

ದಶಮಾನ ಪದ್ಧತಿಯಲ್ಲಿ 1000ದಿಂದ ಒಂದು ಕಳೆದರೆ 999 ಬರುತ್ತದೆ, ಬರೀ ಒಂಬತ್ತುಗಳು. 0 ಮತ್ತು 1 ಎರಡೇ ಅಂಕಿಗಳಿರುವ ದ್ವಿಮಾನ ಪದ್ಧತಿಯಲ್ಲಿ 2ರ ಘಾತದಿಂದ ಒಂದು ಕಳೆದರೆ ಬರೀ ಒಂದುಗಳು ಉಳಿಯುತ್ತವೆ. 7 ಎಂದರೆ 111, 31 ಎಂದರೆ 11111. ನಮ್ಮ ಸಂಖ್ಯೆ ಎಂದರೆ ಒಂದರ ಪಕ್ಕ ಒಂದರಂತೆ ಮೂವತ್ತೊಂದು ಒಂದುಗಳು. ದಶಮಾನದಲ್ಲಿ ನೋಡಿದಾಗ ಗೊತ್ತುಗುರಿಯಿಲ್ಲದಂತೆ ಕಾಣುವ ಹತ್ತು ಅಂಕಿಗಳ ಹಿಂದೆ ಇಷ್ಟು ಶಿಸ್ತಿನ ರೂಪವಿದೆ.

ಈ ಮಾದರಿಯ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಎಂದು ಹೆಸರು. ಮೊದಲ ನಾಲ್ಕು 3, 7, 31, 127. ಆಮೇಲೆ 8191, 1,31,071 ಮತ್ತು 5,24,287. ನಮ್ಮದು ಎಂಟನೆಯದು.

ಇಲ್ಲಿ ಒಂದು ನಿಯಮವಿದೆ. 2ರ ಘಾತವಾಗಿ ನಿಂತ ಸಂಖ್ಯೆ ಭಾಗವಾಗುವಂತಿದ್ದರೆ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಹದಿನೈದು ಒಂದುಗಳನ್ನು ಮೂರು ಮೂರರಂತೆ ಗುಂಪು ಮಾಡಿದರೆ 111, 111, 111, 111, 111 ಆಗುತ್ತದೆ. ಪ್ರತಿ ಗುಂಪೂ 7ರಿಂದ ಭಾಗವಾಗುವುದರಿಂದ 2¹⁵ − 1 = 32,767 ಕೂಡ 7ರಿಂದ ಭಾಗವಾಗಲೇಬೇಕು. ಹಾಗಾಗಿ ಘಾತ ಅವಿಭಾಜ್ಯವಾಗಿರುವುದು ಕಡ್ಡಾಯ. 31 ಅವಿಭಾಜ್ಯ. ಒಂದುಗಳನ್ನು ಸಮನಾಗಿ ಗುಂಪು ಮಾಡಲು ಅಲ್ಲಿ ದಾರಿಯಿಲ್ಲ.

ಆದರೆ ಘಾತ ಅವಿಭಾಜ್ಯವಾದರಷ್ಟೇ ಸಾಲದು. 11 ಅವಿಭಾಜ್ಯ, ಆದರೂ 2¹¹ − 1 = 2047 = 23 × 89. ಅನೇಕರು ಎಡವಿದ್ದು ಇಲ್ಲಿಯೇ.

ತಪ್ಪುಗಳ ನಡುವೆ ಉಳಿದ ಸತ್ಯ

ಇಟಲಿಯ ಪಿಯೆತ್ರೊ ಕತಾಲ್ದಿ 1588ರಲ್ಲಿ 2¹⁷ − 1 ಮತ್ತು 2¹⁹ − 1 ಎರಡೂ ಅವಿಭಾಜ್ಯಗಳೆಂದು ಒಂದೊಂದೇ ಭಾಗಾಕಾರ ಮಾಡಿ ಸಾಧಿಸಿದ. ಮುಂದೆ 23, 29, 31, 37 ಘಾತಗಳೂ ಅವಿಭಾಜ್ಯಗಳನ್ನೇ ಕೊಡುತ್ತವೆ ಎಂದ. 23 ಮತ್ತು 37 ತಪ್ಪೆಂದು 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ತೋರಿಸಿದ. 29 ತಪ್ಪೆಂದು 1738ರಲ್ಲಿ ಗಣಿತಜ್ಞ ಆಯ್ಲರ್ ತೋರಿಸಿದ. 2²⁹ − 1ಕ್ಕೆ 233, 1103, 2089 ಎಂಬ ಮೂರು ಅವಿಭಾಜ್ಯ ಭಾಜಕಗಳಿವೆ. ಉಳಿದದ್ದು 31 ಒಂದೇ.

ಫ್ರಾನ್ಸಿನ ಪಾದ್ರಿ ಮಾರೆನ್ ಮರ್ಸೆನ್ 1644ರಲ್ಲಿ 257ರವರೆಗೆ ಅವಿಭಾಜ್ಯಗಳನ್ನು ಕೊಡುವ ಘಾತಗಳ ಪಟ್ಟಿಯೊಂದನ್ನು ಪ್ರಕಟಿಸಿದ: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. ಸೇರಬೇಕಿದ್ದ 61, 89, 107 ಬಿಟ್ಟುಹೋಗಿವೆ. ಇಷ್ಟೆಲ್ಲ ಪತ್ತೆಯಾಗಲು ಗಣಿತಜ್ಞರಿಗೆ ಮೂರು ಶತಮಾನ ಹಿಡಿಯಿತು. ಪಟ್ಟಿ ದೋಷಪೂರ್ಣವಾಗಿದ್ದರೂ ಕೇಳಿದ ಪ್ರಶ್ನೆ ದೊಡ್ಡದಾಗಿತ್ತು. ಅವನ ಹೆಸರು ಉಳಿದದ್ದು ಆ ಪ್ರಶ್ನೆಯಿಂದ.

31ನೆಯ ಘಾತದ ತೀರ್ಮಾನ ಬಂದದ್ದು 1772ರಲ್ಲಿ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರ್, ಬರ್ನೂಲಿ ಮನೆತನದ ಗಣಿತಜ್ಞನೊಬ್ಬನಿಗೆ ಬರೆಸಿದ ಪತ್ರದಲ್ಲಿ 2³¹ − 1 ಅವಿಭಾಜ್ಯವೆಂದು ತಿಳಿಸಿದ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಮನುಷ್ಯನಿಗೆ ಖಚಿತವಾಗಿ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು.

ನಾಲ್ಕು ಸಾವಿರ ಭಾಗಾಕಾರ ನೂರಕ್ಕಿಂತ ಕಡಿಮೆಯಾದದ್ದು

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಎರಡು ಭಾಜಕಗಳೂ ವರ್ಗಮೂಲಕ್ಕಿಂತ ದೊಡ್ಡವಾಗಿದ್ದರೆ ಅವುಗಳ ಗುಣಲಬ್ಧ ಮೂಲ ಸಂಖ್ಯೆಯನ್ನೇ ಮೀರಿಬಿಡುತ್ತದೆ. ನಮ್ಮ ಸಂಖ್ಯೆಯ ವರ್ಗಮೂಲ 46,341ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅಲ್ಲಿಯವರೆಗೆ 4,792 ಅವಿಭಾಜ್ಯಗಳಿವೆ. ಕೈಯಲ್ಲಿ ಇಷ್ಟು ಭಾಗಾಕಾರ ಮಾಡುವುದು ತಿಂಗಳುಗಟ್ಟಲೆ ಕೆಲಸ, ಎಲ್ಲೋ ಒಂದು ಕಡೆ ತಪ್ಪುವ ಸಂಭವವೂ ಹೆಚ್ಚು. ಆಯ್ಲರ್ ಮೊದಲು ಕೇಳಿದ್ದು ಬೇರೆ ಪ್ರಶ್ನೆ: ಈ ಸಂಖ್ಯೆಗೆ ಭಾಜಕವೊಂದು ಇದ್ದದ್ದೇ ಆದರೆ ಅದು ಹೇಗಿರಬೇಕು?

ಮೊದಲ ಸುಳಿವು ಹೀಗೆ. ಯಾವುದಾದರೂ ಬೆಸ ಅವಿಭಾಜ್ಯದಿಂದ 2ರ ಘಾತಗಳನ್ನು ಭಾಗಿಸುತ್ತ ಶೇಷಗಳನ್ನಷ್ಟೇ ಬರೆದುಕೊಳ್ಳಿ. 7ರಿಂದ ಭಾಗಿಸಿದರೆ ಶೇಷಗಳು 2, 4, 1, 2, 4, 1 ಎಂದು ಸುತ್ತುತ್ತವೆ. ಸುತ್ತಿನ ಉದ್ದ 3. ಈ ಉದ್ದ ಯಾವಾಗಲೂ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರುವ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಇಲ್ಲಿ 3 ಎಂಬುದು 6ನ್ನು ಭಾಗಿಸುತ್ತದೆ. ಇದು ಫರ್ಮಾನ ಕಿರುಪ್ರಮೇಯದಿಂದ ಬರುವ ಫಲ.

ಈಗ ‘ಪ’ ಎಂಬ ಅವಿಭಾಜ್ಯ 2³¹ − 1ನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ 2³¹ನ್ನು ಪ-ದಿಂದ ಭಾಗಿಸಿದರೆ ಶೇಷ 1. ಅಂದರೆ 31ನೆಯ ಹೆಜ್ಜೆಗೆ ಸುತ್ತು ಮುಗಿದಿದೆ. ಸುತ್ತಿನ ಉದ್ದ 31ನ್ನು ಭಾಗಿಸಬೇಕು, 31 ಅವಿಭಾಜ್ಯ, ಆದ್ದರಿಂದ ಉದ್ದ 31 ಆಗಿರಲೇಬೇಕು. ಹಾಗಾದರೆ 31 ಎಂಬುದು ಪ − 1ನ್ನು ಭಾಗಿಸುತ್ತದೆ. ಪ ಬೆಸ ಸಂಖ್ಯೆಯಾದ್ದರಿಂದ ಪ − 1 ಸಮಸಂಖ್ಯೆ, ಹಾಗಾಗಿ 62 ಕೂಡ ಅದನ್ನು ಭಾಗಿಸುತ್ತದೆ. ಭಾಜಕ ಇದ್ದರೆ ಅದು 62ರ ಅಪವರ್ತ್ಯಕ್ಕೆ ಒಂದು ಕೂಡಿಸಿದ ಸಂಖ್ಯೆ ಎಂದಾಯಿತು. 2047ರಲ್ಲಿ ಇದನ್ನು ಪರೀಕ್ಷಿಸಬಹುದು. ಅಲ್ಲಿ ಘಾತ 11, ಭಾಜಕಗಳು 23 ಮತ್ತು 89. ಎರಡೂ 22ರ ಅಪವರ್ತ್ಯಕ್ಕೆ ಒಂದು ಕೂಡಿಸಿದವೇ.

ಎರಡನೆಯ ಸುಳಿವು ವರ್ಗಗಳದ್ದು. 2³¹ನ ಶೇಷ 1 ಆದರೆ 2³²ನ ಶೇಷ 2. ಆದರೆ 2³² ಎಂದರೆ 2¹⁶ರ ವರ್ಗ. ಅಂದರೆ ಪ-ದಿಂದ ಭಾಗಿಸಿದಾಗ ಶೇಷ 2 ಉಳಿಯುವ ವರ್ಗಸಂಖ್ಯೆಯೊಂದು ಇದೆ. ಎಲ್ಲ ಅವಿಭಾಜ್ಯಗಳಿಗೂ ಇದು ಸಾಧ್ಯವಿಲ್ಲ. 7ಕ್ಕೆ ಸಾಧ್ಯ, ಏಕೆಂದರೆ 3ರ ವರ್ಗ 9, ಶೇಷ 2. 17ಕ್ಕೂ ಸಾಧ್ಯ, 6ರ ವರ್ಗ 36, ಶೇಷ 2. ಆದರೆ 5ರಿಂದ ಭಾಗಿಸಿದರೆ ಯಾವ ವರ್ಗಸಂಖ್ಯೆಯೂ 2ನ್ನು ಶೇಷವಾಗಿ ಉಳಿಸದು. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯುವ ಅವಿಭಾಜ್ಯಗಳಿಗೆ ಮಾತ್ರ ಈ ಗುಣವಿದೆ.

ಎರಡೂ ಸುಳಿವುಗಳನ್ನು ಒಟ್ಟಿಗೆ ಇಟ್ಟರೆ, ಭಾಜಕವು 248ರ ಅಪವರ್ತ್ಯಕ್ಕೆ 1 ಅಥವಾ 63 ಕೂಡಿಸಿದ ಸಂಖ್ಯೆಯೇ ಆಗಿರಬೇಕು. 46,341ರೊಳಗೆ ಇಂಥವು, 63ನ್ನು ಬಿಟ್ಟರೆ, 372 ಮಾತ್ರ. ಅವುಗಳಲ್ಲೂ 3, 5, 7 ಮೊದಲಾದವುಗಳಿಂದ ಭಾಗವಾಗುವಂಥವನ್ನು ತೆಗೆದುಹಾಕಿದರೆ ಎಂಬತ್ತು ಚಿಲ್ಲರೆ ಅವಿಭಾಜ್ಯಗಳಷ್ಟೇ ಉಳಿಯುತ್ತವೆ. ಸಾವಿರಾರು ಭಾಗಾಕಾರಗಳ ಕೆಲಸ ನೂರಕ್ಕಿಂತ ಕೆಳಗಿಳಿಯಿತು.

ಉಳಿದವುಗಳಲ್ಲಿ ಮೊದಲನೆಯದು 311. ಇದರಿಂದ ಭಾಗಿಸಲು ಹತ್ತಂಕಿಯ ಸಂಖ್ಯೆಯನ್ನು ಮುಟ್ಟಬೇಕಾಗಿಯೇ ಇಲ್ಲ. 2¹⁰ ಎಂದರೆ 1024. 311ರಿಂದ ಭಾಗಿಸಿದರೆ ಶೇಷ 91. ಅದರ ವರ್ಗ 8281, ಶೇಷ 195. ಇದು 2²⁰ದ ಶೇಷ. 195ನ್ನು 91ರಿಂದ ಗುಣಿಸಿದರೆ 17,745, ಶೇಷ 18. ಇದು 2³⁰ದ ಶೇಷ. ಇನ್ನೊಮ್ಮೆ ಇಮ್ಮಡಿಸಿದರೆ 36. ಒಂದು ಕಳೆದರೆ 35. ಶೇಷ ಸೊನ್ನೆಯಾಗಲಿಲ್ಲ, ಆದ್ದರಿಂದ 311 ಭಾಜಕವಲ್ಲ. ಮುಂದಿನವು 1303, 1489… ಹೀಗೆ ಕೊನೆಯವರೆಗೆ ಹೋದರೂ ಎಲ್ಲಿಯೂ ಸೊನ್ನೆ ಬರುವುದಿಲ್ಲ. ಅಲ್ಲಿಗೆ ಸಾಧನೆ ಮುಗಿಯಿತು.

ಭಾಗಿಸದೆಯೇ ತೀರ್ಪು ಕೊಡುವ ಪರೀಕ್ಷೆ

ಆಯ್ಲರನ ದಾರಿ ಎಷ್ಟೇ ಚುರುಕಾದರೂ ಸಂಖ್ಯೆ ಬೆಳೆದಂತೆ ಭಾಗಾಕಾರಗಳೂ ಬೆಳೆಯುತ್ತವೆ. ಫ್ರಾನ್ಸಿನ ಎಡ್ವರ್ಡ್ ಲೂಕಾಸ್ 1876ರಲ್ಲಿ ಬೇರೆಯೇ ದಾರಿ ಹಿಡಿದು, 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಸಾಧಿಸಿದ. 1930ರ ದಶಕದ ಹೊತ್ತಿಗೆ ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ ಅದನ್ನು ಸರಳಗೊಳಿಸಿದ. ಇಂದು ಅದು ಲೂಕಾಸ್–ಲೆಹ್ಮರ್ ಪರೀಕ್ಷೆ.

ಮಾಡಬೇಕಾದದ್ದು ಇಷ್ಟೇ. 4ರಿಂದ ಆರಂಭಿಸಿ. ಅದರ ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಶೇಷವನ್ನು ಮತ್ತೆ ಇದೇ ಕ್ರಮಕ್ಕೆ ಒಳಪಡಿಸಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 2 ಎಂಬ ಘಾತವೊಂದನ್ನು ಬಿಟ್ಟು ಉಳಿದೆಲ್ಲ ಅವಿಭಾಜ್ಯ ಘಾತಗಳಿಗೂ ಇದು ಅನ್ವಯಿಸುತ್ತದೆ.

2⁵ − 1 = 31ನ್ನು ಪರೀಕ್ಷಿಸೋಣ. ಮೂರು ಹೆಜ್ಜೆ ಬೇಕು. 4ರ ವರ್ಗ 16, ಎರಡು ಕಳೆದರೆ 14. ಅದರ ವರ್ಗ 196, ಎರಡು ಕಳೆದರೆ 194, 31ರಿಂದ ಭಾಗಿಸಿದಾಗ ಶೇಷ 8. ಅದರ ವರ್ಗ 64, ಎರಡು ಕಳೆದರೆ 62, ಶೇಷ ಸೊನ್ನೆ. 31 ಅವಿಭಾಜ್ಯ. ಇದನ್ನೇ 2047ಕ್ಕೆ ಒಂಬತ್ತು ಹೆಜ್ಜೆ ಮಾಡಿದರೆ 4, 14, 194, 788, 701, 119, 1877, 240, 282 ದಾಟಿ ಕೊನೆಗೆ 1736 ಬರುತ್ತದೆ. ಸೊನ್ನೆಯಲ್ಲದ್ದರಿಂದ 2047 ಅವಿಭಾಜ್ಯವಲ್ಲ. ಗಮನಿಸಿ, ಭಾಜಕ ಯಾವುದೆಂದು ಪರೀಕ್ಷೆ ಹೇಳಲಿಲ್ಲ, ಇದೆ ಎಂದಷ್ಟೇ ಹೇಳಿತು. ನಮ್ಮ 2³¹ − 1ಕ್ಕೆ ಬೇಕಾದದ್ದು 29 ಹೆಜ್ಜೆ.

ಇಲ್ಲಿಯೂ ಆಕಾರವೇ ಕೆಲಸ ಹಗುರ ಮಾಡುತ್ತದೆ. 4725ನ್ನು 99ರಿಂದ ಭಾಗಿಸಿದ ಶೇಷ ಬೇಕಾದರೆ 47 ಮತ್ತು 25ನ್ನು ಕೂಡಿಸಿದರೆ ಸಾಕು, 72. ಅದೇ ರೀತಿ ಕಂಪ್ಯೂಟರಿನಲ್ಲಿ ದೊಡ್ಡ ಸಂಖ್ಯೆಯೊಂದನ್ನು 2³¹ − 1ರಿಂದ ಭಾಗಿಸಬೇಕಾದರೆ, ಅದರ ದ್ವಿಮಾನ ಅಂಕಿಗಳನ್ನು 31 31ರ ತುಂಡುಗಳಾಗಿ ಕತ್ತರಿಸಿ ಕೂಡಿಸಿದರಾಯಿತು. ಭಾಗಾಕಾರವೇ ಇಲ್ಲ.

ಇಂಥ ಅನುಕೂಲಕರ ಆಕಾರವಿಲ್ಲದ ಸಂಖ್ಯೆಗಳ ಗತಿಯೇನು? ಯಾವುದೇ ಸಂಖ್ಯೆಯನ್ನು, ಯಾವ ಊಹೆಯ ನೆರವೂ ಇಲ್ಲದೆ, ಅಂಕಿಗಳು ಹೆಚ್ಚಿದಂತೆ ಸಮಯ ವಿಪರೀತ ಏರದ ಹಾಗೆ, ಖಚಿತವಾಗಿ ಪರೀಕ್ಷಿಸುವ ವಿಧಾನವೊಂದಿದೆ ಎಂದು 2002ರಲ್ಲಿ ತೋರಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಸಿದ್ಧಾಂತದ ಮಟ್ಟದಲ್ಲಿ ಅದು ಭಾರತದ ಗಣಿತಕ್ಕೆ ಜಗತ್ತಿನ ಮನ್ನಣೆ ತಂದ ಸಾಧನೆ. ಆದರೆ ಮರ್ಸೆನ್ ಸಂಖ್ಯೆಗಳ ಮಟ್ಟಿಗೆ ವೇಗದಲ್ಲಿ ಲೂಕಾಸ್–ಲೆಹ್ಮರ್ ಪರೀಕ್ಷೆಯನ್ನು ಅದು ಸರಿಗಟ್ಟಲಾರದು.

ಜೊತೆಗಿರುವ ಪರಿಪೂರ್ಣ ಸಂಖ್ಯೆ

6ರ ಭಾಜಕಗಳಲ್ಲಿ 6ನ್ನು ಬಿಟ್ಟು ಉಳಿದವನ್ನು ಕೂಡಿಸಿ: 1 + 2 + 3 = 6. 28ಕ್ಕೂ ಹಾಗೆಯೇ: 1 + 2 + 4 + 7 + 14 = 28. ಇಂಥವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ ಎಂದು ಯೂಕ್ಲಿಡ್ ತೋರಿಸಿದ್ದ. ಸಮಸಂಖ್ಯೆಗಳಾದ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೆಯೇ ಹುಟ್ಟುತ್ತವೆ, ಬೇರೆ ದಾರಿಯಿಲ್ಲ ಎಂದು ಎರಡು ಸಾವಿರ ವರ್ಷಗಳ ನಂತರ ಆಯ್ಲರ್ ಸಾಧಿಸಿದ. ನಮ್ಮ ಸಂಖ್ಯೆಯನ್ನು 2³⁰ರಿಂದ ಗುಣಿಸಿದರೆ ಸಿಗುವ 2305843008139952128 ಎಂಬ 19 ಅಂಕಿಗಳ ಸಂಖ್ಯೆ ಎಂಟನೆಯ ಪರಿಪೂರ್ಣ ಸಂಖ್ಯೆ.

ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಪ್ರಕಟಿಸಿದ ಸಂಖ್ಯಾಸಿದ್ಧಾಂತದ ಪುಸ್ತಕದಲ್ಲಿ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಯಾರೂ ಎಂದೂ ಕಂಡುಹಿಡಿಯಲಾರರು ಎಂದು ಬರೆದ. ಇವು ಬರೀ ಕುತೂಹಲದ ವಸ್ತುಗಳು, ಉಪಯೋಗವಿಲ್ಲದವು, ಇದಕ್ಕಿಂತ ಆಚೆ ಹೋಗಲು ಯಾರೂ ಪ್ರಯತ್ನಿಸುವುದಿಲ್ಲ ಎಂಬುದು ಅವನ ತರ್ಕ. ಆ ಶತಮಾನ ಮುಗಿಯುವ ಮೊದಲೇ ಲೂಕಾಸ್ ಮತ್ತು ರಷ್ಯಾದ ಪೆರ್ವುಶಿನ್ ಇನ್ನೂ ದೊಡ್ಡವನ್ನು ತಂದಿಟ್ಟರು. ಉಪಯೋಗವಿಲ್ಲ ಎಂಬ ಮಾತನ್ನು ಸುಳ್ಳು ಮಾಡಿದ್ದು ಇಪ್ಪತ್ತನೆಯ ಶತಮಾನ.

ಕಂಪ್ಯೂಟರಿನ ಗಡಿಗಲ್ಲು

ಅನೇಕ ಕಂಪ್ಯೂಟರ್ ಪ್ರೋಗ್ರಾಮುಗಳು ಪೂರ್ಣಾಂಕವೊಂದನ್ನು 32 ಬಿಟ್‌ಗಳಲ್ಲಿ, ಅಂದರೆ 32 ದ್ವಿಮಾನ ಅಂಕಿಗಳಲ್ಲಿ, ಇಡುತ್ತವೆ. ಸಂಖ್ಯೆ ಧನವೋ ಋಣವೋ ಎಂದು ಸೂಚಿಸಲು ಒಂದು ಬಿಟ್ ಹೋದರೆ ಉಳಿಯುವುದು 31. ಅವೆಲ್ಲವೂ 1 ಆದಾಗ ಇಡಬಹುದಾದ ಅತಿ ದೊಡ್ಡ ಸಂಖ್ಯೆ ಸಿಗುತ್ತದೆ. ಅದೇ ನಮ್ಮ 214,74,83,647. ಅದಕ್ಕೆ ಇನ್ನೊಂದು ಕೂಡಿಸಿದರೆ, ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರು 99,999 ದಾಟಿ ಸೊನ್ನೆಗೆ ತಿರುಗುವಂತೆ, ಎಣಿಕೆ ಮಗುಚಿ ಸಾಮಾನ್ಯವಾಗಿ ಋಣ 214,74,83,648 ಆಗಿಬಿಡುತ್ತದೆ.

ಇದು ಪುಸ್ತಕದ ಮಾತಲ್ಲ. ಹಣವನ್ನು ಪೈಸೆಗಳಲ್ಲಿ ಎಣಿಸುವ ತಂತ್ರಾಂಶವೊಂದು 32 ಬಿಟ್ ಪೂರ್ಣಾಂಕ ಬಳಸಿದರೆ, 2,14,74,836 ರೂಪಾಯಿ 47 ಪೈಸೆಗೆ ಅದರ ಲೆಕ್ಕ ನಿಲ್ಲುತ್ತದೆ. ಒಂದು ಪೈಸೆ ಹೆಚ್ಚಾದರೂ ಖಾತೆಯಲ್ಲಿ ಋಣ ಮೊತ್ತ ಕಾಣಿಸಬಹುದು. 2014ರ ಡಿಸೆಂಬರಿನಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಈ ಗಡಿಯನ್ನು ದಾಟುತ್ತಿದೆ ಎಂದು ಯೂಟ್ಯೂಬ್ ಹೇಳಿತು. ಆ ಹೊತ್ತಿಗಾಗಲೇ ಎಣಿಕೆಯನ್ನು 64 ಬಿಟ್‌ಗಳಿಗೆ ಬದಲಿಸಲಾಗಿತ್ತು.

ಎಲ್ಲಕ್ಕಿಂತ ಗಂಭೀರವಾದದ್ದು ಸಮಯದ ಲೆಕ್ಕ. ಯೂನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರ ಗ್ರೀನಿಚ್ ನಡುರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿವೆ. 214,74,83,647ನೆಯ ಸೆಕೆಂಡು ಬರುವುದು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅದರ ಮರುಕ್ಷಣ, 32 ಬಿಟ್‌ಗಳಲ್ಲೇ ಸಮಯ ಇಡುವ ಯಂತ್ರಗಳ ದಿನಾಂಕ 1901ರ ಡಿಸೆಂಬರಿಗೆ ಜಿಗಿಯುತ್ತದೆ. ಈಗಿನ ಫೋನು, ಲ್ಯಾಪ್‌ಟಾಪುಗಳ ಬಹುಪಾಲು 64 ಬಿಟ್‌ಗಳಿಗೆ ಬದಲಾಗಿವೆ. ಚಿಂತೆ ಇರುವುದು ಒಮ್ಮೆ ಅಳವಡಿಸಿ ದಶಕಗಳ ಕಾಲ ಮುಟ್ಟದೆ ಬಿಡುವ ಯಂತ್ರಗಳಲ್ಲಿ ಅಡಗಿರುವ ಸಣ್ಣ ನಿಯಂತ್ರಕಗಳ ಬಗ್ಗೆ. ಅವುಗಳನ್ನು ಈಗಲೇ ಗುರುತಿಸಿ ಬದಲಿಸಬೇಕು. ದಿನಾಂಕ ಗೊತ್ತಿರುವ ಅಪಾಯಕ್ಕೆ ಸಿದ್ಧವಾಗದಿರಲು ನೆಪವಿಲ್ಲ.

ಗಡಿಯ ಸಂಖ್ಯೆ ಅವಿಭಾಜ್ಯವೂ ಆಗಿರುವುದು ಎಲ್ಲ ಕಡೆ ನಡೆಯುವ ಮಾತಲ್ಲ. 8 ಬಿಟ್‌ಗಳ ಗಡಿ 127, ಅವಿಭಾಜ್ಯ. 16 ಬಿಟ್‌ಗಳ ಗಡಿ 32,767 = 7 × 31 × 151, ಅವಿಭಾಜ್ಯವಲ್ಲ. 64 ಬಿಟ್‌ಗಳ ಗಡಿ 2⁶³ − 1. ಘಾತ 63 ಎಂಬುದು 3ರಿಂದ ಭಾಗವಾಗುವುದರಿಂದ, ಒಂದುಗಳನ್ನು ಮೂರು ಮೂರರಂತೆ ಗುಂಪು ಮಾಡಬಹುದು, ಹಾಗಾಗಿ ಅದು 7ರಿಂದ ಭಾಗವಾಗುತ್ತದೆ. 128 ಬಿಟ್‌ಗಳ ಗಡಿ ಲೂಕಾಸ್ ಕಂಡ 2¹²⁷ − 1, ಮತ್ತೆ ಅವಿಭಾಜ್ಯ.

ಯಾದೃಚ್ಛಿಕ ಸಂಖ್ಯೆಗಳ ಗಿರಣಿ

ಗಡಿ ಅವಿಭಾಜ್ಯವಾಗಿರುವುದರಿಂದ ಆಗುವ ಲಾಭ ಇಲ್ಲಿ ಕಾಣುತ್ತದೆ. ಆಟಗಳಿಗೆ, ಹವಾಮಾನದಂಥ ಸಂಗತಿಗಳ ಅನುಕರಣೆಗೆ ಕಂಪ್ಯೂಟರಿಗೆ ಗೊತ್ತುಗುರಿಯಿಲ್ಲದಂತೆ ತೋರುವ ಸಂಖ್ಯೆಗಳು ಬೇಕು. ಲೆಹ್ಮರನೇ ರೂಪಿಸಿದ ವಿಧಾನ ಬಹಳ ಸರಳ. ಕೈಯಲ್ಲಿರುವ ಸಂಖ್ಯೆಯನ್ನು 16,807ರಿಂದ ಗುಣಿಸಿ, 214,74,83,647ರಿಂದ ಭಾಗಿಸಿ, ಶೇಷವೇ ಮುಂದಿನ ಸಂಖ್ಯೆ. 1ರಿಂದ ಆರಂಭಿಸಿದರೆ 16,807, ಆಮೇಲೆ 28,24,75,249, ಆಮೇಲೆ 162,26,50,073, ಆಮೇಲೆ 98,49,43,658. 16,807 ಎಂಬ ಗುಣಕ 1969ರಲ್ಲಿ ಬಳಕೆಗೆ ಬಂತು. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬ ಇಬ್ಬರು ಇದನ್ನು ಕನಿಷ್ಠ ಮಟ್ಟದ ಮಾನದಂಡವಾಗಿ ಶಿಫಾರಸು ಮಾಡಿದರು. ನಿಮ್ಮ ಪ್ರೋಗ್ರಾಮು ಸರಿಯಿದೆಯೇ ಎಂದು ತಿಳಿಯಲು, 1ರಿಂದ ಹೊರಟು 10,000 ಹೆಜ್ಜೆಗಳ ನಂತರ 104,36,18,065 ಬರುತ್ತದೆಯೇ ನೋಡಿ.

16,807 ಎಂದರೆ 7ರ ಐದನೆಯ ಘಾತ. 7ರ ಘಾತಗಳ ಶೇಷಗಳು ಈ ಅವಿಭಾಜ್ಯದ ಅಡಿಯಲ್ಲಿ 1ರಿಂದ 214,74,83,646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಂದೊಂದೇ ಸಲ ಮುಟ್ಟಿ ಆಮೇಲೆ ಆರಂಭಕ್ಕೆ ಮರಳುತ್ತವೆ. ಐದೈದು ಘಾತಗಳಂತೆ ಜಿಗಿದರೂ ಈ ಪೂರ್ಣ ಸುತ್ತು ಕೆಡಬಾರದು ಎಂದಾದರೆ 214,74,83,646 ಎಂಬುದು 5ರಿಂದ ಭಾಗವಾಗಬಾರದು. ಅದರ ಅಪವರ್ತನಗಳು 2 × 3 × 3 × 7 × 11 × 31 × 151 × 331. ಇವುಗಳಲ್ಲಿ 5 ಇಲ್ಲ. ಹಾಗಾಗಿ ಇನ್ನೂರ ಹದಿನಾಲ್ಕು ಕೋಟಿ ಹೆಜ್ಜೆಗಳ ಮೊದಲು ಯಾವ ಸಂಖ್ಯೆಯೂ ಎರಡನೆಯ ಸಲ ಬರುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಒಂದು ಸಂಖ್ಯೆ ಗೊತ್ತಾದರೆ ಮುಂದಿನವೆಲ್ಲ ಗೊತ್ತಾಗುವುದರಿಂದ ಪಾಸ್‌ವರ್ಡು, ಓಟಿಪಿ, ಲಾಟರಿಗಳಿಗೆ ಈ ವಿಧಾನ ಸಲ್ಲದು. ಭಾರೀ ಅನುಕರಣೆಗಳಿಗೂ ಈ ಸುತ್ತು ಇಂದು ಚಿಕ್ಕದು. ಪೈಥಾನ್ ಭಾಷೆಯಲ್ಲಿರುವ ಮರ್ಸೆನ್ ಟ್ವಿಸ್ಟರ್ ವಿಧಾನದ ಸುತ್ತಿನ ಉದ್ದ 2¹⁹⁹³⁷ − 1. ಅದೂ ಒಂದು ಮರ್ಸೆನ್ ಅವಿಭಾಜ್ಯವೇ.

ಆಕಾರ ಹೇಳುವುದೆಷ್ಟು, ಹೇಳದಿರುವುದೆಷ್ಟು

ಆನ್‌ಲೈನ್ ವ್ಯವಹಾರಕ್ಕೆ ಬೀಗ ಹಾಕುವ ಆರ್‌ಎಸ್‌ಎ ವಿಧಾನದಲ್ಲಿ ಮುನ್ನೂರು ಅಂಕಿಗಳ ಅವಿಭಾಜ್ಯಗಳು ಮಾಮೂಲು. ಅಲ್ಲಿ ನಮ್ಮ ಹತ್ತಂಕಿಯ ಸಂಖ್ಯೆ ನಿಲ್ಲಲಾರದು, ಇಂಥ ಸಂಖ್ಯೆಯ ಭಾಜಕಗಳನ್ನು ಫೋನು ಕಣ್ಣುಮುಚ್ಚಿ ತೆರೆಯುವುದರೊಳಗೆ ಹುಡುಕುತ್ತದೆ. ಇನ್ನು ದಾಖಲೆಗಳ ಮಾತಿಗೆ ಬಂದರೆ, 1996ರಿಂದ ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳ ಬಿಡುವಿನ ಸಮಯ ಕೊಟ್ಟು ನಡೆಸುತ್ತಿರುವ ಗಿಂಪ್ಸ್ ಯೋಜನೆ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಅವಿಭಾಜ್ಯದಲ್ಲಿ ಒಂದುಗಳ ಸಂಖ್ಯೆ 13,62,79,841. ದಶಮಾನದಲ್ಲಿ ಬರೆದರೆ 4,10,24,320 ಅಂಕಿಗಳು. ಆ ಹುಡುಕಾಟದ ತಿರುಳೂ ಆಯ್ಲರ್ ಮತ್ತು ಲೂಕಾಸರ ವಿಚಾರಗಳೇ. ಮೊದಲು ಅನುಮತಿಸಿದ ರೂಪದ ಸಣ್ಣ ಭಾಜಕಗಳನ್ನು ನೋಡಿ ಜರಡಿ ಹಿಡಿಯುವುದು, ಉಳಿದವನ್ನು ಗಟ್ಟಿ ಪರೀಕ್ಷೆಗೆ ಒಡ್ಡುವುದು.

ಆಕಾರ ಎಲ್ಲವನ್ನೂ ಹೇಳಿಬಿಡುತ್ತದೆ ಎಂದುಕೊಳ್ಳಬಾರದು. 3 ಅವಿಭಾಜ್ಯ, 2³ − 1 = 7 ಅವಿಭಾಜ್ಯ. 7ನ್ನು ಘಾತವಾಗಿಟ್ಟರೆ 127, ಅವಿಭಾಜ್ಯ. 127ನ್ನು ಘಾತವಾಗಿಟ್ಟರೂ ಅವಿಭಾಜ್ಯ. ಅತ್ತ 5ನ್ನು ಘಾತವಾಗಿಟ್ಟರೆ 31, 31ನ್ನು ಇಟ್ಟರೆ ನಮ್ಮ ಸಂಖ್ಯೆ. ಹಾಗಾದರೆ 214,74,83,647ನ್ನೇ ಘಾತವಾಗಿಟ್ಟರೆ? ಅರವತ್ತನಾಲ್ಕು ಕೋಟಿಗೂ ಹೆಚ್ಚು ಅಂಕಿಗಳ ಆ ಸಂಖ್ಯೆಯೂ ಅವಿಭಾಜ್ಯವಿರಬಹುದು ಎಂದು ಮನಸ್ಸು ಹೇಳುತ್ತದೆ. ಆದರೆ 295257526626031 ಅದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಆ ಭಾಜಕವನ್ನು ಬಿಡಿಸಿ ನೋಡಿದರೆ 2 × 68,745 × 214,74,83,647 + 1. ಆಯ್ಲರ್ ಹೇಳಿದ ರೂಪದಲ್ಲೇ ಇದೆ. ಆಕಾರ ಹುಡುಕಬೇಕಾದ ಜಾಗವನ್ನು ತೋರಿಸುತ್ತದೆ. ಹೋಗಿ ನೋಡುವ ಕೆಲಸ ನಮ್ಮದೇ.

ಆ ಕೆಲಸವನ್ನು ಓದುಗರು ಇವತ್ತೇ ಮಾಡಿ ನೋಡಬಹುದು. 2¹³ − 1 = 8191. ವರ್ಗಮೂಲ 91ಕ್ಕಿಂತ ಕಡಿಮೆ. ಭಾಜಕ 26ರ ಅಪವರ್ತ್ಯಕ್ಕೆ ಒಂದು ಕೂಡಿಸಿದ್ದಾಗಿರಬೇಕು: 27, 53, 79. ಇವುಗಳಲ್ಲಿ 27 ಅವಿಭಾಜ್ಯವಲ್ಲ. 53ನ್ನು 8ರಿಂದ ಭಾಗಿಸಿದರೆ 5 ಉಳಿಯುತ್ತದೆ, ಸಲ್ಲದು. ಉಳಿದದ್ದು 79 ಒಂದೇ. 8191ನ್ನು 79ರಿಂದ ಭಾಗಿಸಿದರೆ ಶೇಷ 54. ಒಂದೇ ಒಂದು ಭಾಗಾಕಾರದಲ್ಲಿ 8191 ಅವಿಭಾಜ್ಯವೆಂದು ಸಾಬೀತಾಯಿತು.

ಇನ್ನು ಕತಾಲ್ದಿಯ 5,24,287, ಅಂದರೆ 2¹⁹ − 1. ಅದರ ವರ್ಗಮೂಲ 724ರ ಆಸುಪಾಸು. ಅಲ್ಲಿಯವರೆಗಿನ ಅವಿಭಾಜ್ಯಗಳು 128. ಒಂದನ್ನೂ ಬಿಡದೆ ಭಾಗಿಸಿ ನೋಡುವುದೇ ಅವನಿಗಿದ್ದ ದಾರಿ. ಮೇಲಿನ ಎರಡು ಸುಳಿವುಗಳನ್ನು ಹಿಡಿದು ಹೊರಟರೆ ಮೂರೇ ಭಾಜಕಗಳನ್ನು ಪರೀಕ್ಷಿಸಬೇಕಾಗುತ್ತದೆ. ಆ ಮೂರು ಯಾವುವೆಂದು ಮನೆಯ ಮಕ್ಕಳೊಂದಿಗೆ ಕೂತು ಹುಡುಕಿ. ಅರ್ಧ ಹಾಳೆ ಕಾಗದ ಸಾಕು.